ಬೇಡವೆಂದು ತೋರಿಸಿದ ಪ್ರಯೋಗಗಳು
(ದತ್ತಿ ಉಪನ್ಯಾಸದ ಪರಿಷ್ಕೃತ ಬರಹ)



ಜೀರ್ಣಾಂಗಗಳ ಕ್ಯಾನ್ಸರಿಗೆ ಬಂದಿರುವ ಹೊಸ ಚಿಕಿತ್ಸೆಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದ್ದರು. ಹೊಸ ಚಿಕಿತ್ಸೆಯ ಸುದ್ದಿ ನಿಮಗೆ ನನಗಿಂತ ಮೊದಲೇ ಸಿಗುತ್ತದೆ. ಬೆಳಿಗ್ಗೆ ಏಳುವಷ್ಟರಲ್ಲಿ ಮೊಬೈಲಿನಲ್ಲಿ ಬಂದು ಕೂತಿರುತ್ತದೆ. ಹಾಗಾಗಿ ಯಾರೂ ಅಷ್ಟಾಗಿ ಫಾರ್ವರ್ಡ್ ಮಾಡದ ಒಂದು ಸಂಗತಿಯನ್ನು ಇವತ್ತು ಎತ್ತಿಕೊಂಡಿದ್ದೇನೆ. ಅನ್ನನಾಳದಿಂದ ಗುದನಾಳದವರೆಗಿನ ಕ್ಯಾನ್ಸರುಗಳಿಗೆ ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ನಡೆದ ಕ್ಲಿನಿಕಲ್ ಟ್ರಯಲ್‌ಗಳಲ್ಲಿ, ನಾವು ವೈದ್ಯರು ಶ್ರದ್ಧೆಯಿಂದ ಮಾಡುತ್ತಿದ್ದ ಯಾವುದೋ ಒಂದನ್ನು ನಿಲ್ಲಿಸಿ ಎಂದು ಹೇಳಿದವೇ ನನ್ನ ಮಟ್ಟಿಗೆ ದೊಡ್ಡವು. ಇಷ್ಟು ಗ್ರಂಥಿ ಕೀಳಬೇಡಿ, ಗುಲ್ಮದ ತಂಟೆಗೆ ಹೋಗಬೇಡಿ, ಆರು ತಿಂಗಳ ಕೀಮೋ ಮೂರಕ್ಕೆ ಇಳಿಸಿ, ಈ ರೋಗಿಗೆ ರೇಡಿಯೇಷನ್ ಬೇಡ. ಇಂಥ ಉತ್ತರಗಳನ್ನು ಬಾಟಲಿಗೆ ತುಂಬಿ ಮಾರಲಾಗದು. ಆದ್ದರಿಂದಲೇ ಅವನ್ನು ಹುಡುಕಲು ದುಡ್ಡು ಹಾಕುವವರೂ ಕಡಿಮೆ.

ಟ್ರಯಲ್ ಎಂದರೇನೆಂದು ಒಂದಿಷ್ಟು ಹೇಳಿಬಿಡುತ್ತೇನೆ, ಗೊತ್ತಿದ್ದವರು ಸಹಿಸಿಕೊಳ್ಳಬೇಕು. ಹೊಸ ಔಷಧ ಮೊದಲ ಹಂತದಲ್ಲಿ ಬೆರಳೆಣಿಕೆಯ ಜನರಿಗೆ ಹೋಗುತ್ತದೆ, ಎಷ್ಟು ಡೋಸ್ ಮೈ ತಡೆದೀತು ಎಂದು ನೋಡಲು. ಎರಡನೆಯ ಹಂತದಲ್ಲಿ ಗಡ್ಡೆ ಕರಗುತ್ತದೆಯೇ ಎಂದು ನೋಡುತ್ತಾರೆ. ಮೂರನೆಯ ಹಂತದಲ್ಲಿ ಹೊಸದನ್ನು ಹಳೆಯದರ ಎದುರು ನಿಲ್ಲಿಸಿ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಈಗ ಚೀಟಿ ಎತ್ತುವುದು ಕಂಪ್ಯೂಟರು, ಅಷ್ಟೇ ವ್ಯತ್ಯಾಸ. ಈ ಚೀಟಿಯೇ ಜನರಿಗೆ ನುಂಗಲಾರದ ತುತ್ತು. ಜಠರದ ಕ್ಯಾನ್ಸರಾಗಿದ್ದ ಹಾಸನದ ಕಡೆಯ ಹಿರಿಯರೊಬ್ಬರು ಸಮ್ಮತಿ ಪತ್ರವನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟು ಕೇಳಿದ್ದರು: "ಅಲ್ಲಾ ಸ್ವಾಮಿ, ಚೀಟಿ ಎತ್ತಿ ನಂಗೆ ಮದ್ದು ಕೊಡ್ತೀರಾ? ಯಾವ್ದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?" ಗೊತ್ತಿಲ್ಲ ಎಂದೆ. ಅವರು ಮಗನ ಕಡೆ ತಿರುಗಿ ನೋಡಿದರು. ಗೊತ್ತಿಲ್ಲ ಅನ್ನೋ ಡಾಕ್ಟ್ರ ಹತ್ರ ಕರಕೊಂಡು ಬಂದ್ಯಲ್ಲೋ ಎಂಬ ನೋಟ ಅದು. ಸಹಿ ಹಾಕಲಿಲ್ಲ. ಹಾಕದೆ ಹೋಗುವುದು ಅವರ ಹಕ್ಕು. ಚಿಕಿತ್ಸೆಗೆ ಅದರಿಂದ ಏನೂ ಕೊರೆಯಾಗಲಿಲ್ಲ, ಆಗಲೂಬಾರದು.

ಚೀಟಿ ಇಲ್ಲದಿದ್ದರೆ ಏನಾಗುತ್ತದೆಂದು ಹೊಟ್ಟೆ ಕೊಯ್ದು ಜೀವನ ಮಾಡಿದ ನನಗೆ ಚೆನ್ನಾಗಿ ಗೊತ್ತು. ಬಿ.ಪಿ., ಶುಗರ್ ಇಲ್ಲದ, ಐವತ್ತು ದಾಟದ ಗಟ್ಟಿ ಆಳು ಬಂದರೆ ದೊಡ್ಡ ಆಪರೇಷನ್‌ಗೆ ಕೈ ತಾನಾಗಿ ಮುಂದಾಗುತ್ತದೆ. ಸೊರಗಿ ಬಂದವರಿಗೆ ಚಿಕ್ಕದೇ ಸಾಕು ಅನ್ನಿಸುತ್ತದೆ. ಐದು ವರ್ಷ ಬಿಟ್ಟು ಲೆಕ್ಕ ಹಾಕಿದರೆ ದೊಡ್ಡ ಆಪರೇಷನ್ ಆದವರೇ ಹೆಚ್ಚು ಉಳಿದಿರುತ್ತಾರೆ. ಉಳಿದದ್ದು ಕತ್ತರಿಯ ಪುಣ್ಯದಿಂದಲೋ ಅವರ ಮೈಕಟ್ಟಿನಿಂದಲೋ? ಶಸ್ತ್ರವೈದ್ಯ ಮಾತ್ರ ಅದು ತನ್ನ ಕೈಗುಣ ಎಂದೇ ನಂಬಿಕೊಂಡು ನಿವೃತ್ತನಾಗುತ್ತಾನೆ.

ಇದರ ಬಹು ದೊಡ್ಡ ಕತೆ ನಡೆದದ್ದು ಜಠರದ ಮೇಲೆ. ಜಠರದ ಕ್ಯಾನ್ಸರ್ ಹೆಚ್ಚಿರುವ ಜಪಾನಿನಲ್ಲಿ ಶಸ್ತ್ರವೈದ್ಯರು ಸುತ್ತಲಿನ ಲಿಂಫ್ ಗ್ರಂಥಿಗಳಿಗೆಲ್ಲ ನಂಬರು ಕೊಟ್ಟು, ಎಷ್ಟು ದೂರದವರೆಗೆ ಬಿಡಿಸಿ ತೆಗೆಯಬೇಕೆಂದು ಪಾಠ ಕಟ್ಟಿದ್ದರು. ಜಠರಕ್ಕೆ ಅಂಟಿಕೊಂಡ ಗ್ರಂಥಿಗಳನ್ನಷ್ಟೇ ತೆಗೆದರೆ ಡಿ1. ಅದರಾಚೆ ರಕ್ತನಾಳಗಳ ಗುಂಟ ಇರುವವನ್ನೂ ತೆಗೆದರೆ ಡಿ2. ಡಿ2 ಮಾಡಿದ ಜಪಾನಿನವರ ಫಲಿತಾಂಶ ಕಂಡು ಯುರೋಪಿನವರಿಗೆ ಒಂದು ಕಡೆ ಅಸೂಯೆ, ಇನ್ನೊಂದು ಕಡೆ ಅನುಮಾನ. 1989ರಲ್ಲಿ ನೆದರ್ಲೆಂಡ್ಸ್‌ನವರು ಚೀಟಿ ಎತ್ತಿಯೇ ನೋಡೋಣ ಎಂದು ಹೊರಟರು. 80 ಆಸ್ಪತ್ರೆಗಳು ಸೇರಿಕೊಂಡವು. ಕಲಿಸಲಿಕ್ಕೆ ಟೋಕಿಯೋದಿಂದ ಮಿತ್ಸುರು ಸಸಾಕೊ ಎಂಬ ಶಸ್ತ್ರವೈದ್ಯರು ಬಂದರು. ಆಪರೇಷನ್ ಟೇಬಲ್ಲಿನ ಪಕ್ಕ ನಿಂತು ಈ ಗ್ರಂಥಿ ತೆಗಿ, ಇದನ್ನು ಬಿಡು ಎಂದು ಡಚ್ಚರಿಗೆ ಹೇಳಿಕೊಟ್ಟರು.

ಗುಣವಾಗುವ ಆಸೆಯಿಂದ ಆಪರೇಷನ್ ಮಾಡಿದ 711 ಜನರ ಲೆಕ್ಕ ಬಂದಾಗ ಎದೆ ಧಸಕ್ಕೆಂದಿತು. ಆಸ್ಪತ್ರೆಯಲ್ಲೇ ತೀರಿಕೊಂಡವರು ಡಿ1ರಲ್ಲಿ ನೂರಕ್ಕೆ 4, ಡಿ2ರಲ್ಲಿ ನೂರಕ್ಕೆ 10. ಐದು ವರ್ಷಕ್ಕೆ ಬದುಕಿದ್ದವರು ಶೇ. 45 ಮತ್ತು ಶೇ. 47, ಅಂದರೆ ವ್ಯತ್ಯಾಸವೇ ಇಲ್ಲ. 1999ರಲ್ಲಿ ಇದು ಅಚ್ಚಾದ ಮೇಲೆ ಪಶ್ಚಿಮದ ಬಹಳ ಜನ ಡಿ2 ಅಧ್ಯಾಯ ಮುಗಿಯಿತು ಎಂದರು. ಡಚ್ಚರು ಮಾತ್ರ ಕಡತ ಮುಚ್ಚಲಿಲ್ಲ. ರೋಗಿಗಳ ಬೆನ್ನು ಬಿಡದೆ 15 ವರ್ಷ ಹೋದರು. 2010ರಲ್ಲಿ ನೋಡಿದಾಗ, ಜಠರದ ಕ್ಯಾನ್ಸರಿನಿಂದಲೇ ಸತ್ತವರು ಡಿ1ರಲ್ಲಿ ಶೇ. 48, ಡಿ2ರಲ್ಲಿ ಶೇ. 37. ದೂರದ ಗ್ರಂಥಿ ತೆಗೆದದ್ದು ಕ್ಯಾನ್ಸರನ್ನು ನಿಜಕ್ಕೂ ತಡೆದಿತ್ತು. ಆದರೆ ಆ ಲಾಭವನ್ನು ಮೊದಲ ತಿಂಗಳ ಸಾವುಗಳು ತಿಂದುಹಾಕಿದ್ದವು. ಅಷ್ಟು ಸಾವು ಯಾಕಾಯಿತು? ಆ ಕಾಲದ ಡಿ2ರಲ್ಲಿ ಗ್ರಂಥಿಗಳ ಜೊತೆಗೆ ಎಷ್ಟೋ ಸಲ ಗುಲ್ಮವನ್ನೂ ಮೇದೋಜೀರಕ ಗ್ರಂಥಿಯ ಬಾಲವನ್ನೂ ತೆಗೆಯುತ್ತಿದ್ದರು. ಮೇದೋಜೀರಕದ ಕತ್ತರಿಸಿದ ತುದಿಯಿಂದ ರಸ ಸೋರಿದರೆ ಅದು ಸುತ್ತಲಿನ ಮಾಂಸವನ್ನೇ ಜೀರ್ಣಿಸತೊಡಗುತ್ತದೆ. ನಾಲ್ಕನೆಯ ದಿನ ಜ್ವರ, ಹೊಟ್ಟೆಗೆ ಹಾಕಿದ ಡ್ರೈನಿನಲ್ಲಿ ಕಂದುಬಣ್ಣದ ನೀರು, ಒಂದು ವಾರದಲ್ಲಿ ರಕ್ತನಾಳವೊಂದು ಒಡೆದರೆ ಮುಗಿಯಿತು. ಇದನ್ನು ಕಣ್ಣಾರೆ ಕಂಡವರು ಆ ನೀರಿನ ಬಣ್ಣವನ್ನು ಮರೆಯುವುದಿಲ್ಲ.

ಇಲ್ಲಿಂದ ಮುಂದೆ ಜಪಾನಿನವರು ಮಾಡಿದ್ದಕ್ಕೆ ನಾನು ತಲೆಬಾಗುತ್ತೇನೆ. ಡಿ2ರಾಚೆಗೆ, ಬೆನ್ನುಮೂಳೆಯ ಮುಂದಿನ ಮಹಾಧಮನಿಯ ಸುತ್ತಲಿನ ಗ್ರಂಥಿಗಳನ್ನೂ ತೆಗೆಯುವ ಇನ್ನೂ ದೊಡ್ಡ ಆಪರೇಷನ್ ಅವರಲ್ಲಿ ರೂಢಿಯಲ್ಲಿತ್ತು. ಅವರು ಅದನ್ನು ತಮ್ಮ ಹೆಮ್ಮೆಯೆಂದೇ ಎಣಿಸಿದ್ದರು. ಅದೇ ಸಸಾಕೊ ಮುಂದಾಗಿ ನಿಂತು 1995ರಿಂದ 2001ರವರೆಗೆ 523 ರೋಗಿಗಳಲ್ಲಿ ಚೀಟಿ ಎತ್ತಿದರು. ಐದು ವರ್ಷಕ್ಕೆ ಡಿ2 ಮಾತ್ರ ಆದವರಲ್ಲಿ ಶೇ. 69.2, ದೊಡ್ಡ ಆಪರೇಷನ್ ಆದವರಲ್ಲಿ ಶೇ. 70.3 ಜನ ಬದುಕಿದ್ದರು. ಅದು ಬೇಡ ಎಂದು 2008ರಲ್ಲಿ ಬರೆದರು, ಬಿಟ್ಟರು. ಆಮೇಲೆ ಗುಲ್ಮದ ಸರದಿ. ಜಠರದ ಮೇಲ್ಭಾಗದ ಕ್ಯಾನ್ಸರಿನಲ್ಲಿ ಗುಲ್ಮ ತೆಗೆಯಬೇಕೋ ಬಿಡಬೇಕೋ ಎಂದು 505 ಜನರಲ್ಲಿ ನೋಡಿದರು. ತೆಗೆದವರಲ್ಲಿ ಶೇ. 75.1, ಉಳಿಸಿದವರಲ್ಲಿ ಶೇ. 76.4. ಆಪರೇಷನ್ ನಂತರದ ತೊಂದರೆ ಮಾತ್ರ ತೆಗೆದವರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಗುರುಪರಂಪರೆಯಿಂದ ಬಂದ ವಿದ್ಯೆಯನ್ನು ಶಿಷ್ಯರೇ ಒರೆಗೆ ಹಚ್ಚಿ, ಗುರುಗಳು ಇನ್ನೂ ಸಭೆಯಲ್ಲಿ ಕೂತಿರುವಾಗಲೇ ಇದು ಬೇಕಾಗಿಲ್ಲ ಎನ್ನುವುದು ನಮ್ಮ ಕಡೆ ಎಷ್ಟು ಜನರಿಂದಾದೀತು? ಸಂಗೀತದವರನ್ನು ಕೇಳಬೇಡಿ, ಡಾಕ್ಟರುಗಳನ್ನೇ ಕೇಳಿ.

ಈಗ ದೊಡ್ಡ ಕರುಳಿಗೆ ಬರೋಣ. ಅಲ್ಲಿನ ಕತೆ ಕುರಿಯ ಜಂತುಹುಳದ ಔಷಧದಿಂದ ಶುರುವಾಗುತ್ತದೆ. ಲೆವಮಿಸೋಲ್ ಎಂಬ ಈ ಮಾತ್ರೆಯನ್ನು 1960ರ ದಶಕದಲ್ಲಿ ಬೆಲ್ಜಿಯಂನ ಜಾನ್ಸೆನ್ ಕಂಪನಿ ತಯಾರಿಸಿತ್ತು. ದೇಹದ ರೋಗನಿರೋಧಕ ಶಕ್ತಿಯನ್ನೂ ಇದು ಎಬ್ಬಿಸೀತು ಎಂಬ ಊಹೆ ಹುಟ್ಟಿತು. ಅಲ್ಲಿಯವರೆಗೆ ಕರುಳಿನ ಕ್ಯಾನ್ಸರನ್ನು ಕೊಯ್ದು ತೆಗೆದ ಮೇಲೆ ಮರುಕಳಿಸದಂತೆ ಕೊಡಲು ಖಾತ್ರಿಯಾದ ಮದ್ದು ಯಾವುದೂ ಇರಲಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಚಾರ್ಲ್ಸ್ ಮೋರ್ಟೆಲ್ 1990ರಲ್ಲಿ ತೋರಿಸಿದ್ದು ಇದು: ಗ್ರಂಥಿಗಳಿಗೆ ಹರಡಿದ್ದ ಹಂತದಲ್ಲಿ, ಆಪರೇಷನ್ ನಂತರ ಹಳೆಯ 5-ಎಫ್‌ಯು ಇಂಜೆಕ್ಷನ್ ಜೊತೆ ಲೆವಮಿಸೋಲ್ ಕೊಟ್ಟರೆ ಸಾವು ಮೂರರಲ್ಲೊಂದು ಪಾಲು ಇಳಿಯುತ್ತದೆ. ದೊಡ್ಡ ಸುದ್ದಿ. ಹಿಂದೆಯೇ ಬೆಲೆಯೂ ಬಂತು. ಕುರಿಗೆ ಮಾರುವಾಗಿನ ಬೆಲೆಯ ನೂರು ಪಟ್ಟನ್ನು ಮನುಷ್ಯರಿಂದ ಕೀಳುತ್ತಿದ್ದೀರಿ ಎಂದು 1992ರಲ್ಲಿ ಮೋರ್ಟೆಲ್ ಬಹಿರಂಗವಾಗಿಯೇ ಕಂಪನಿಯ ಮೇಲೆ ಹರಿಹಾಯ್ದರು. ತಾನೇ ಗೆಲ್ಲಿಸಿದ ಮದ್ದಿನ ವಿರುದ್ಧ ಹೀಗೆ ನಿಂತ ಸಂಶೋಧಕರು ವಿರಳ.

ತಮಾಷೆ ಇರುವುದು ಮುಂದೆ. ಗೆದ್ದದ್ದು ಜೋಡಿ, ಅದರಲ್ಲಿ ದುಡಿದವರು ಯಾರು? ಬ್ರಿಟನ್ನಿನ ಕ್ವೇಸಾರ್ ಟ್ರಯಲ್‌ನಲ್ಲಿ 4,927 ರೋಗಿಗಳಿಗೆ 5-ಎಫ್‌ಯು, ಫೋಲಿನಿಕ್ ಆಮ್ಲ ಕೊಟ್ಟು, ಚೀಟಿ ಎತ್ತಿ ಕೆಲವರಿಗೆ ಲೆವಮಿಸೋಲ್, ಕೆಲವರಿಗೆ ಹುಸಿಮಾತ್ರೆ ಕೊಟ್ಟರು. 2000ದಲ್ಲಿ ಬಂದ ಉತ್ತರ: ಲೆವಮಿಸೋಲಿನಿಂದ ಏನೇನೂ ಉಪಯೋಗವಿಲ್ಲ. ಹತ್ತು ವರ್ಷ ಅಷ್ಟು ಬೆಲೆ ತೆತ್ತು ನುಂಗಿದ ಮಾತ್ರೆ ಸದ್ದಿಲ್ಲದೆ ಪಟ್ಟಿಯಿಂದ ಉದುರಿತು. ಹಳೆಯ ಅಗ್ಗದ 5-ಎಫ್‌ಯು ಉಳಿದುಕೊಂಡಿತು; ಇವತ್ತಿಗೂ ಉಳಿದಿದೆ.

ಅದರ ಜೊತೆಗೆ ಆಕ್ಸಾಲಿಪ್ಲಾಟಿನ್ ಸೇರಿಸಿದರೆ ಇನ್ನಷ್ಟು ಒಳ್ಳೆಯದು ಎಂದು 2,246 ರೋಗಿಗಳ ಮೊಸಾಯಿಕ್ ಟ್ರಯಲ್ 2004ರಲ್ಲಿ ತೋರಿಸಿತು. ಮೂರು ವರ್ಷಕ್ಕೆ ರೋಗ ಮರಳದೆ ಇದ್ದವರು ಶೇ. 72.9ರಿಂದ 78.2ಕ್ಕೆ ಏರಿದರು. ಆರು ತಿಂಗಳು, ಎರಡು ವಾರಕ್ಕೊಮ್ಮೆ ಡ್ರಿಪ್. ನಿಜವಾದ ಲಾಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಔಷಧ ನರಗಳನ್ನು ಹಿಡಿಯುತ್ತದೆ. ಡ್ರಿಪ್ ಹಾಕಿಸಿಕೊಂಡ ಸಂಜೆ ಸ್ಟೀಲಿನ ಲೋಟ ಮುಟ್ಟಿದರೆ ಬೆರಳಿಗೆ ಶಾಕ್ ಹೊಡೆಯುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಸುಕಿದಂತಾಗುತ್ತದೆ. ಅದು ಒಂದೆರಡು ದಿನದ ಮಾತು. ತಿಂಗಳು ಕಳೆದಂತೆ ಬರುವ ಮರಗಟ್ಟುವಿಕೆ ಬೇರೆ. ಮೈಸೂರಿನಲ್ಲಿ ಹೂ ಕಟ್ಟಿ ಬದುಕುತ್ತಿದ್ದ ಹೆಂಗಸೊಬ್ಬರು ಪೂರ್ತಿ ಕೋರ್ಸು ಮುಗಿಸಿದ್ದರು. ಸ್ಕ್ಯಾನ್ ಸ್ವಚ್ಛ. ಆಕೆ ಮೊದಲು ಅಕ್ಕಪಕ್ಕದವರ ಜೊತೆ ಹರಟುತ್ತ, ಕೈ ನೋಡದೆ, ಮಲ್ಲಿಗೆ ಮೊಗ್ಗನ್ನು ಜೋಡಿಜೋಡಿಯಾಗಿ ಇಟ್ಟು ಬಾಳೆನಾರು ಸುತ್ತಿ ಗಂಟೆಳೆಯುತ್ತಿದ್ದವರು. ಈಗ "ಮೊಗ್ಗು ಬೆರಳಲ್ಲಿದ್ಯೋ ಬಿತ್ತೋ ಗೊತ್ತಾಗಲ್ಲ ಸಾರ್, ಕಣ್ಣಲ್ಲಿ ನೋಡ್ಕೊಂಡೇ ಕಟ್ಬೇಕು. ಹತ್ತು ಮಾರು ಕಟ್ತಿದ್ದೋಳು ಮೂರಕ್ಕೆ ನಿಂತಿದೀನಿ" ಎಂದರು. ಟ್ರಯಲ್ ವರದಿಗಳ ಭಾಷೆಯಲ್ಲಿ ಇದಕ್ಕೆ ಗ್ರೇಡ್ 2 ಎಂದು ಹೆಸರು, ಮಧ್ಯಮ ತೊಂದರೆ.

ಆರು ತಿಂಗಳು ಎಂಬ ಲೆಕ್ಕ ಎಲ್ಲಿಂದ ಬಂತು? ಅದಕ್ಕಿಂತ ಮೊದಲಿನ ಟ್ರಯಲ್‌ಗಳಲ್ಲಿ ಒಂದು ವರ್ಷ ಕೊಡುತ್ತಿದ್ದರು, ಅದನ್ನು ಅರ್ಧಕ್ಕೆ ಇಳಿಸಿದರೂ ನಡೆಯಿತು, ಅಲ್ಲಿಗೆ ನಿಂತಿತು. ಮೂರಕ್ಕೆ ಇಳಿಸಿದರೆ? ಈ ಪ್ರಶ್ನೆ ಎತ್ತಿದವರು ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸಂಶೋಧಕರು. ತನ್ನ ಔಷಧವನ್ನು ಅರ್ಧ ಮಾತ್ರ ಕೊಳ್ಳಿ ಎಂದು ತೋರಿಸಲು ಯಾವ ಕಂಪನಿಯೂ ಹಣ ಸುರಿಯುವುದಿಲ್ಲವಷ್ಟೆ. ಬ್ರಿಟನ್, ಫ್ರಾನ್ಸ್, ಇಟಲಿ, ಗ್ರೀಸ್, ಜಪಾನ್, ಅಮೆರಿಕಗಳಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಆರು ಟ್ರಯಲ್‌ಗಳವರು, ಫಲಿತಾಂಶ ಬರುವ ಮೊದಲೇ, ಎಲ್ಲರ ಲೆಕ್ಕವನ್ನೂ ಒಂದೇ ಕಣಜಕ್ಕೆ ಸುರಿಯೋಣ ಎಂದು ಒಪ್ಪಂದ ಮಾಡಿಕೊಂಡರು. ಇದೇ ಐಡಿಯಾ ಸಹಯೋಗ. 12 ದೇಶ, 12,834 ರೋಗಿಗಳು. 2018ರಲ್ಲಿ ಪ್ರಕಟವಾಯಿತು.

ಇದರ ಗಣಿತದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಬರೀ ಗಣಿತವಲ್ಲ. ಹೊಸದು ಹೆಚ್ಚು ಒಳ್ಳೆಯದೇ ಎಂಬ ಪ್ರಶ್ನೆಗೆ ಲೆಕ್ಕ ಸುಲಭ. ಕಡಿಮೆ ಕೊಟ್ಟರೂ ಸಾಕೇ ಎಂಬ ಪ್ರಶ್ನೆಗೆ ಮೊದಲೇ ಒಂದು ಗೆರೆ ಎಳೆಯಬೇಕು: ಎಷ್ಟು ನಷ್ಟವಾದರೆ ಪರವಾಗಿಲ್ಲ? ಇಲ್ಲಿ ಎಳೆದ ಗೆರೆ, ರೋಗ ಮರಳುವ ಅಥವಾ ಸಾಯುವ ಅಪಾಯ ಹೋಲಿಕೆಯಲ್ಲಿ ಶೇ. 12ಕ್ಕಿಂತ ಹೆಚ್ಚಬಾರದು ಎಂದು. ಮೂರು ತಿಂಗಳು ತೆಗೆದುಕೊಂಡವರಲ್ಲಿ ಅಪಾಯ ಶೇ. 7 ಹೆಚ್ಚು ಕಂಡಿತು. ಆದರೆ ಅನಿಶ್ಚಿತತೆಯನ್ನು ಸೇರಿಸಿದರೆ ಅದು ಶೇ. 15ರವರೆಗೂ ಇರಬಹುದಾಗಿತ್ತು. ಗೆರೆ ದಾಟಿತು. ಶಾಸ್ತ್ರದ ಪ್ರಕಾರ ಮೂರು ತಿಂಗಳು ಸಾಕೆಂದು ಸಾಬೀತಾಗಲಿಲ್ಲ. ಸಾಬೀತಾಗದ ಈ ವ್ಯತ್ಯಾಸ ನಿಜದಲ್ಲಿ ಎಷ್ಟು? ಮೂರು ವರ್ಷಕ್ಕೆ ರೋಗ ಮರಳದೆ ಇದ್ದವರು ಮೂರು ತಿಂಗಳ ಗುಂಪಿನಲ್ಲಿ ಶೇ. 74.6, ಆರರ ಗುಂಪಿನಲ್ಲಿ ಶೇ. 75.5. ನೂರಕ್ಕೆ ಒಬ್ಬರೂ ಇಲ್ಲ. ಇನ್ನೊಂದು ತಕ್ಕಡಿಯಲ್ಲಿ ನರಗಳ ತೊಂದರೆ: ಫೋಲ್‌ಫಾಕ್ಸ್ ಎಂಬ ಕ್ರಮದಲ್ಲಿ ಗ್ರೇಡ್ 2 ಮತ್ತು ಅದಕ್ಕೂ ಮೇಲಿನ ಮರಗಟ್ಟುವಿಕೆ ಆರು ತಿಂಗಳಿನವರಲ್ಲಿ ಶೇ. 47.7, ಮೂರು ತಿಂಗಳಿನವರಲ್ಲಿ ಶೇ. 16.6. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಂದ ಆರು ಜನರಲ್ಲಿ ಒಬ್ಬರಿಗೆ.

ವೈದ್ಯರು ಎರಡು ಪಾಳಯವಾದರು. ಗೆರೆ ಗೆರೆಯೇ ಎಂದವರು ಒಂದು ಕಡೆ, ಬೆರಳುಗಳನ್ನು ನೋಡಿ ಎಂದವರು ಇನ್ನೊಂದು ಕಡೆ. ಒಳಗಿನ ಲೆಕ್ಕ ಬಿಡಿಸಿದಾಗ ದಾರಿ ಕಂಡಿತು. ರೋಗ ಕಡಿಮೆ ಹರಡಿದವರಿಗೆ, ಅದರಲ್ಲೂ ಮಾತ್ರೆ ಸೇರಿದ ಕೇಪಾಕ್ಸ್ ಕ್ರಮದಲ್ಲಿ, ಮೂರು ತಿಂಗಳು ಸಾಕು. ಹೆಚ್ಚು ಹರಡಿದವರಿಗೆ ಆರು ತಿಂಗಳ ಮಾತು ಈಗಲೂ ಆಡಬೇಕಾಗುತ್ತದೆ. ಮುಂದೆ ಐದು ವರ್ಷಕ್ಕೆ ಬದುಕಿದ್ದವರ ಎಣಿಕೆ ಬಂದಾಗ ಶೇ. 82.4 ಮತ್ತು 82.8. ಯಾದಗಿರಿಯಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಬಂದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದ ಧರ್ಮಶಾಲೆಯಲ್ಲೋ ಸುತ್ತಲಿನ ಬಾಡಿಗೆ ಕೋಣೆಯಲ್ಲೋ ತಂಗುವ ಮನೆಮಂದಿಗೆ ಮೂರು ತಿಂಗಳು ಎಂದರೇನೆಂದು ಆ ಲೆಕ್ಕದಲ್ಲಿ ಇಲ್ಲ. ಒಂದು ಬಿತ್ತನೆ ತಪ್ಪುವುದು, ಮಗಳ ಶಾಲೆ ಬಿಡುವುದು, ಕೈಸಾಲ ಇಮ್ಮಡಿಯಾಗುವುದು, ಇವು ಯಾವ ಟ್ರಯಲ್‌ನ ಕೋಷ್ಟಕದಲ್ಲೂ ಬರುವುದಿಲ್ಲ. ಬರಬೇಕು ಎಂಬುದು ನನ್ನ ಹಟ.

ಇದೇ ಕರುಳಿನ ಕ್ಯಾನ್ಸರಿನಲ್ಲಿ ಮಾರಲಾಗದ ಇನ್ನೊಂದು ಮದ್ದಿನ ಟ್ರಯಲ್ 2025ರಲ್ಲಿ ಬಂತು: ನಡಿಗೆ. ಕೆನಡಾದವರ ನೇತೃತ್ವದಲ್ಲಿ ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ವ್ಯಾಯಾಮದ ಪುಸ್ತಿಕೆ ಕೊಟ್ಟರು. ಉಳಿದವರಿಗೆ ಮೂರು ವರ್ಷ ಜೊತೆಗೆ ನಿಂತು ವ್ಯಾಯಾಮ ಮಾಡಿಸುವ ತರಬೇತುದಾರರನ್ನು ಕೊಟ್ಟರು. ಎಂಟು ವರ್ಷಕ್ಕೆ ಬದುಕಿದ್ದವರು ಶೇ. 83.2 ಮತ್ತು ಶೇ. 90.3. ಕೆಲವು ಹೊಸ ಔಷಧಗಳು ನಾಚಬೇಕಾದ ಅಂತರ ಇದು. ವಾಕಿಂಗ್ ಒಳ್ಳೆಯದು ಎಂದು ಬಾಯಲ್ಲಿ ಹೇಳಿ ಪುಸ್ತಿಕೆ ಕೈಗಿತ್ತರೆ ಈ ಫಲ ಬರಲಿಲ್ಲ ಎಂಬುದನ್ನು ಗಮನಿಸಿ. ಹಿಂದೆ ಬಿದ್ದು ನಡೆಸಬೇಕಾಯಿತು. ನಮ್ಮ ಆಸ್ಪತ್ರೆಗಳಲ್ಲಿ ಆ ಹುದ್ದೆಯೇ ಇಲ್ಲ.

ಗುದನಾಳದಲ್ಲಿ ಭಯ ಬೇರೆ ಥರದ್ದು. ರೋಗಿ ಕೇಳುವ ಮೊದಲ ಪ್ರಶ್ನೆ ಬದುಕುತ್ತೇನೆಯೇ ಎಂದಲ್ಲ, "ಹೊಟ್ಟೆಗೆ ಬ್ಯಾಗ್ ಇಡ್ತೀರಾ?" ಎಂದು. ಮೊದಲು ಕೀಮೋ ಮತ್ತು ನಮ್ಮ ಹಳ್ಳಿಗರು ಕರೆಂಟ್ ಕೊಡೋದು ಎನ್ನುವ ರೇಡಿಯೇಷನ್, ಆಮೇಲೆ ಆಪರೇಷನ್, ಇದು ಕ್ರಮ. ಬ್ರೆಜಿಲ್‌ನ ಸಾವೋ ಪೌಲೋದ ಆಂಜೆಲಿಟಾ ಹಬ್ರ್-ಗಾಮಾ ಎಂಬ ಶಸ್ತ್ರವೈದ್ಯೆ ಒಂದು ವಿಚಿತ್ರವನ್ನು ಕಂಡರು: ಕೆಲವರಲ್ಲಿ ಆಪರೇಷನ್‌ಗೆ ಮೊದಲೇ ಗಡ್ಡೆ ಪೂರಾ ಮಾಯ. ಇಲ್ಲದ ಗಡ್ಡೆಗೆ ಯಾಕೆ ಕೊಯ್ಯಬೇಕು? ಕೊಯ್ಯದೆ, ಮತ್ತೆಮತ್ತೆ ಕರೆದು ಪರೀಕ್ಷಿಸುತ್ತ ಹೋದರು. 2004ರಲ್ಲಿ ಅವರು ಪ್ರಕಟಿಸಿದ 265 ರೋಗಿಗಳಲ್ಲಿ 71 ಜನ ಹಾಗೆ ಉಳಿದವರು. ಇದು ಚೀಟಿ ಎತ್ತಿದ ಟ್ರಯಲ್ ಅಲ್ಲ, ಜಗತ್ತು ಬಹಳ ಕಾಲ ನಂಬಲಿಲ್ಲ. ಈಗ ಕಾದು ನೋಡುವುದು ದೊಡ್ಡ ಕೇಂದ್ರಗಳಲ್ಲಿ ಒಪ್ಪಿತ ಕ್ರಮ. ತಿರುಗಿ ಬಂದು ತೋರಿಸಿಕೊಳ್ಳಲು ಆಗದಷ್ಟು ದೂರದ ಊರಿನವರಿಗೆ ನಾನು ಇದನ್ನು ಸುಲಭಕ್ಕೆ ಹೇಳುವುದಿಲ್ಲ. ಆಮೇಲೆ ಪ್ರಾಸ್ಪೆಕ್ಟ್ ಟ್ರಯಲ್ 2023ರಲ್ಲಿ ಇನ್ನೊಂದು ಹೆಜ್ಜೆ ಕಡಿಮೆ ಮಾಡಿತು: ಆಯ್ದ ರೋಗಿಗಳಿಗೆ ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿದರೆ ರೇಡಿಯೇಷನ್ನನ್ನೇ ಬಿಡಬಹುದು. ಐದು ವರ್ಷಕ್ಕೆ ರೋಗವಿಲ್ಲದವರು ಶೇ. 80.8, ರೇಡಿಯೇಷನ್ ಪಡೆದವರಲ್ಲಿ ಶೇ. 78.6. ಮೂವತ್ತೈದರ ಹೆಣ್ಣುಮಗಳಿಗೆ ರೇಡಿಯೇಷನ್ ಎಂದರೆ ಮುಟ್ಟು ನಿಲ್ಲುವುದು, ಮಕ್ಕಳ ಆಸೆ ಬಿಡುವುದು. ಅಂಥವಳಿಗೆ ಈ ಉತ್ತರದ ಬೆಲೆ ಬೇರೆಯೇ.

2022ರ ಜೂನಿನಲ್ಲಿ ನಿಮ್ಮೆಲ್ಲರ ಮೊಬೈಲಿಗೆ ಬಂದ ಸುದ್ದಿಯೂ ಇದೇ ಅಂಗದ್ದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡೋಸ್ಟಾರ್ಲಿಮ್ಯಾಬ್ ಪಡೆದು ಆರು ತಿಂಗಳ ಕೋರ್ಸು ಮುಗಿಸಿದ 12 ಜನರಿಗೆ 12 ಜನರಲ್ಲೂ ಗಡ್ಡೆ ಮಾಯ. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಕ್ಯಾನ್ಸರಿಗೆ ಔಷಧ ಸಿಕ್ಕೇ ಸಿಕ್ಕಿತು ಎಂದು ಹಬ್ಬಿತು. ಸುದ್ದಿ ನಿಜ. 2025ರ ಹೊತ್ತಿಗೆ ಅಂಥ 49 ಗುದನಾಳದ ರೋಗಿಗಳಲ್ಲೂ ಅದೇ ಫಲ ಬಂದಿದೆ. ಫಾರ್ವರ್ಡಿನಲ್ಲಿ ಬಿಟ್ಟುಹೋದದ್ದು ಒಂದೇ ಸಾಲು: ಇದು ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳಿಗೆ ಮಾತ್ರ, ಗುದನಾಳದ ಕ್ಯಾನ್ಸರುಗಳಲ್ಲಿ ಅವು ನೂರಕ್ಕೆ ಐದರಿಂದ ಹತ್ತು. ಇಲ್ಲಿ ಚೀಟಿ ಎತ್ತಬೇಕಾಗಿಯೂ ಬರಲಿಲ್ಲ. ಹನ್ನೆರಡಕ್ಕೆ ಹನ್ನೆರಡು ಎಂದಾಗ ಎದುರುಗುಂಪು ಯಾಕೆ? ಆ ತಪ್ಪನ್ನು ಹುಡುಕುವ ಪರೀಕ್ಷೆ ನಮ್ಮಲ್ಲೂ ಇದೆ, ದೊಡ್ಡ ಖರ್ಚಿನದಲ್ಲ. ಬಯಾಪ್ಸಿ ತುಣುಕಿನ ಮೇಲೆಯೇ ಮಾಡಬಹುದು. ಕೇಳಿ ಮಾಡಿಸಿ.

ಮೇದೋಜೀರಕದ್ದು ಚುಟುಕಾಗಿ. 2007ರಲ್ಲಿ 569 ರೋಗಿಗಳ ಟ್ರಯಲ್ ಒಂದು ಹಳೆಯ ಜೆಮ್‌ಸಿಟಾಬಿನ್ ಜೊತೆ ಎರ್ಲೋಟಿನಿಬ್ ಸೇರಿಸಿ ಗೆದ್ದಿತು. ಸರಾಸರಿ ಆಯುಷ್ಯ 5.91 ತಿಂಗಳಿಂದ 6.24 ತಿಂಗಳಿಗೆ. ಲೆಕ್ಕ ಹಾಕಿ: ಹತ್ತು ದಿನ. ಸಂಖ್ಯಾಶಾಸ್ತ್ರದ ಪ್ರಕಾರ ಗೆಲುವು, ಸರ್ಕಾರಿ ಅನುಮತಿಯೂ ಸಿಕ್ಕಿತು. ಮೈಮೇಲೆ ಗುಳ್ಳೆ, ಭೇದಿ, ಬಿಲ್ಲು ಬೇರೆ. ಸಾಕಷ್ಟು ಜನರನ್ನು ಸೇರಿಸಿಕೊಂಡರೆ ಎಂಥ ಸಣ್ಣ ವ್ಯತ್ಯಾಸವನ್ನೂ ಸಾಬೀತು ಮಾಡಬಹುದು. ಆ ಹತ್ತು ದಿನ ಯಾರಿಗೆ ಬೇಕು ಎಂದು ತೀರ್ಮಾನಿಸುವವರು ರೋಗಿಗಳೇ ಹೊರತು ನಾವಲ್ಲ. ಆದರೆ ಹತ್ತು ದಿನ ಎಂದು ಅವರಿಗೆ ಯಾರಾದರೂ ಹೇಳಬೇಕಲ್ಲ.

ಲಿವರಿನ ಕ್ಯಾನ್ಸರಿಗೆ ಸೊರಾಫೆನಿಬ್ 2008ರಲ್ಲಿ 7.9 ತಿಂಗಳ ಆಯುಷ್ಯವನ್ನು 10.7ಕ್ಕೆ ಏರಿಸಿತು. ಭಾರತದಲ್ಲಿ ಬೇಯರ್ ಕಂಪನಿಯ ಒಂದು ತಿಂಗಳ ಮಾತ್ರೆಯ ಬೆಲೆ ಆಗ 2,80,428 ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ, ಬೇಯರ್‌ನ ಒಪ್ಪಿಗೆಯಿಲ್ಲದೆಯೂ ಅದನ್ನು ತಯಾರಿಸಿ ಮಾರುವ ಕಡ್ಡಾಯ ಪರವಾನಗಿ ಕೊಟ್ಟಾಗ ಅದು 8,880ಕ್ಕೆ ಇಳಿಯಿತು. ನಮ್ಮ ದೇಶ ಕೊಟ್ಟ ಮೊದಲ ಕಡ್ಡಾಯ ಪರವಾನಗಿ ಅದು. ಇದೇ ಔಷಧವನ್ನು ಲಿವರ್ ಆಪರೇಷನ್ ಆದವರಿಗೂ ಕೊಟ್ಟರೆ ರೋಗ ಮರಳದೇನೋ ಎಂದು ಕಂಪನಿಯೇ 1,114 ಜನರಲ್ಲಿ ನೋಡಿತು. ರೋಗ ಮರಳದೆ ಕಳೆದದ್ದು 33.3 ತಿಂಗಳು, ಹುಸಿಮಾತ್ರೆಯಲ್ಲಿ 33.7. ಸೋಲು. ಸೋತದ್ದನ್ನು 2015ರಲ್ಲಿ ಅಚ್ಚು ಹಾಕಿಸಿದರು. ಇದನ್ನು ಹೇಳುವುದು ನ್ಯಾಯಕ್ಕಾಗಿ. ಕಂಪನಿಯ ಹಣದ ಟ್ರಯಲ್ ಎಂದ ಮಾತ್ರಕ್ಕೆ ಬೇಡ ಎಂಬ ಉತ್ತರ ಬರುವುದೇ ಇಲ್ಲ ಎಂದೇನಿಲ್ಲ.

ನಮ್ಮದೇ ನೆಲದ ಒಂದು ಟ್ರಯಲ್ ಹೇಳದೆ ಹೋದರೆ ತಪ್ಪಾಗುತ್ತದೆ. ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಶಾಪ. ಪಶ್ಚಿಮ ದೇಶಗಳಲ್ಲಿ ಕಡಿಮೆ, ಹಾಗಾಗಿ ಅವರ ಟ್ರಯಲ್‌ಗಳೂ ಕಡಿಮೆ. ದೆಹಲಿಯ ಏಮ್ಸ್‌ನವರು ಆಪರೇಷನ್ ಆಗದ 81 ರೋಗಿಗಳನ್ನು ಮೂರು ಗುಂಪು ಮಾಡಿದರು: ನೋವು ನಿವಾರಣೆ ಮತ್ತು ಆರೈಕೆ ಮಾತ್ರ, 5-ಎಫ್‌ಯು ಕ್ರಮ, ಜೆಮ್‌ಸಿಟಾಬಿನ್ ಮತ್ತು ಆಕ್ಸಾಲಿಪ್ಲಾಟಿನ್. 2010ರಲ್ಲಿ ಬಂದ ಉತ್ತರ 4.5 ತಿಂಗಳು, 4.6 ತಿಂಗಳು, 9.5 ತಿಂಗಳು. ಹೊಸದು ಆಯುಷ್ಯವನ್ನು ಇಮ್ಮಡಿ ಮಾಡಿತು ಎಂದು ಎಲ್ಲರೂ ಓದಿಕೊಂಡರು, ಸರಿಯೇ. ನಾನು ಮಧ್ಯದ ಅಂಕಿಯನ್ನೂ ಅಷ್ಟೇ ಗೌರವದಿಂದ ಓದುತ್ತೇನೆ. 5-ಎಫ್‌ಯು ಹಾಕಿಸಿಕೊಂಡು ವಾಂತಿ ಮಾಡಿಕೊಂಡವರೂ ಏನೂ ಹಾಕಿಸಿಕೊಳ್ಳದವರೂ ಅಷ್ಟೇ ದಿನ ಬದುಕಿದ್ದರು. ಕೇವಲ 81 ಜನರಿಂದ ಒಂದು ಬೇಕು, ಒಂದು ಬೇಡ ಎರಡೂ ಸಿಕ್ಕವು.

ಹೊರಗಿನ ಉತ್ತರವನ್ನು ಹಾಗೆಯೇ ಎತ್ತಿಕೊಂಡು ಬರಲಾಗದು ಎಂಬುದಕ್ಕೆ ಅನ್ನನಾಳ ಸಾಕ್ಷಿ. 2025ರ ಆರಂಭದಲ್ಲಿ ಪ್ರಕಟವಾದ ಜರ್ಮನಿಯ ಎಸೋಪೆಕ್ ಟ್ರಯಲ್, ಆಪರೇಷನ್ ಮೊದಲು ರೇಡಿಯೇಷನ್ ಸೇರಿದ ಚಿಕಿತ್ಸೆಗಿಂತ ಬರೀ ಕೀಮೋ ಮೇಲು ಎಂದು ತೋರಿಸಿತು. ಅದು ಅಲ್ಲಿ ಹೆಚ್ಚಿರುವ ಅಡಿನೋಕಾರ್ಸಿನೋಮಾ ಎಂಬ ಬಗೆಗೆ. ತಂಬಾಕು, ಎಲೆಅಡಿಕೆ, ಹೆಂಡದ ಜೊತೆ ಬರುವ ನಮ್ಮ ಅನ್ನನಾಳದ ಕ್ಯಾನ್ಸರ್ ಬಹುಪಾಲು ಸ್ಕ್ವಾಮಸ್ ಬಗೆಯದು. ಅದಕ್ಕೆ ರೇಡಿಯೇಷನ್ ಚೆನ್ನಾಗಿಯೇ ನಾಟುತ್ತದೆ. ಆಪರೇಷನ್ ಮೊದಲು ರೇಡಿಯೇಷನ್ ಸೇರಿಸಿ ನೋಡಿದ ಡಚ್ಚರ ಕ್ರಾಸ್ ಟ್ರಯಲ್‌ನಲ್ಲಿ ಹೆಚ್ಚು ಲಾಭ ಕಂಡವರೇ ಈ ಬಗೆಯ ರೋಗಿಗಳು. ಜರ್ಮನಿಯ ಬೇಡವನ್ನು ನಮ್ಮ ಬೇಡವಾಗಿ ಮಾಡಿಕೊಂಡರೆ ನಮ್ಮ ರೋಗಿಗೆ ನಷ್ಟ. 1980ರ ದಶಕದ ಆರಂಭದಿಂದ ನಡೆಯುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಪಟ್ಟಿಯ ಮೇಲಿನ ಸಾಲುಗಳಲ್ಲೇ ಜಠರ, ಅನ್ನನಾಳ ಇವೆ. ಪ್ರಶ್ನೆಗಳೂ ಇಲ್ಲಿಯವೇ ಆಗಬೇಕು.

ಇನ್ನೊಂದು ಎಚ್ಚರಿಕೆ. ಟ್ರಯಲ್ ಮಾಡಿ ಸಾಕು ಎಂದುಕೊಂಡ ಮೂರು ತಿಂಗಳು ಬೇರೆ. ಔಷಧ ಸರಬರಾಜು ನಿಂತು, ಬಸ್ ಚಾರ್ಜಿಗೆ ಕಾಸಿಲ್ಲದೆ ನಿಂತುಹೋದ ಮೂರು ತಿಂಗಳು ಬೇರೆ. ನಾನು ಹೊಗಳಿದ್ದು ಮೊದಲನೆಯದನ್ನು. ಎರಡನೆಯದಕ್ಕೆ ಮೊದಲನೆಯದರ ಹೆಸರು ಹಚ್ಚುವ ಆಡಳಿತಗಾರರನ್ನು ನಾನು ಕಂಡಿದ್ದೇನೆ.

ಉಪನ್ಯಾಸಕ್ಕೆ ಮೊದಲೇ ಒಬ್ಬರು ಚೀಟಿ ಕಳಿಸಿದ್ದಾರೆ: ಮನೆಯವರಿಗೆ ಟ್ರಯಲ್ ಸೇರಿ ಎಂದಿದ್ದಾರೆ, ಸೇರಬೇಕೋ ಬೇಡವೋ ಎಂದು. ಕೇಸು ನೋಡದೆ ಹೇಳಲಾರೆ. ಆದರೆ ಏನು ಕೇಳಬೇಕೆಂದು ಹೇಳಬಲ್ಲೆ. 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಟ್ರಯಲ್‌ಗಳು ಸಿ.ಟಿ.ಆರ್.ಐ. ಎಂಬ ಸಾರ್ವಜನಿಕ ನೋಂದಣಿಗೆ ಸೇರುವುದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ, ಯಾರು ಬೇಕಾದರೂ ತೆರೆದು ಓದಬಹುದು. ಸೇರದಿದ್ದರೆ ನಮಗೆ ಸಿಗುವ ಮಾಮೂಲಿ ಚಿಕಿತ್ಸೆ ಯಾವುದು, ಚೀಟಿಯಲ್ಲಿ ಎದುರುಗುಂಪು ಬಂದರೆ ಸಿಗುವುದೂ ಅದೇ ತಾನೇ, ಎಂದು ಕೇಳಿ. ಸಮ್ಮತಿ ಪತ್ರ ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದಿ ಬರುತ್ತೇವೆ ಎನ್ನಿ; ಇವತ್ತೇ ಸಹಿ ಹಾಕಿ ಎಂದರೆ ಎದ್ದು ಬನ್ನಿ. ಟ್ರಯಲ್‌ನಿಂದಲೇ ಮೈಗೆ ಹಾನಿಯಾದರೆ ಚಿಕಿತ್ಸೆಯ ಖರ್ಚೂ ಪರಿಹಾರವೂ ನಡೆಸುವವರ ಹೊಣೆ ಎಂದು 2019ರ ನಿಯಮಗಳಲ್ಲಿದೆ; ಅದು ಪತ್ರದಲ್ಲಿ ಬರೆದಿದೆಯೇ ನೋಡಿ. ಔಷಧದಿಂದ ಗುಣ ಕಂಡು ಟ್ರಯಲ್ ಮುಗಿದುಹೋದರೆ ಮುಂದಿನ ತಿಂಗಳ ಮಾತ್ರೆ ಯಾರು ಕೊಡುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಚೀಟಿ ಕಳಿಸಿದವರು ಸಭೆ ಮುಗಿದ ಮೇಲೆ ವರದಿಗಳ ಫೈಲು ತೆಗೆದುಕೊಂಡು ಮುಂದಿನ ಸಾಲಿಗೆ ಬಂದರೆ ಕೂತು ನೋಡೋಣ.